ಈಸೆಲ್ ಓರೆ ಮಾಡಿ ಮುಖ ಎಳೆದರೆ ಕಣ್ಣೂ ಮಸುಕಾಗ್ತದೆ: 35 ಎಂಎಂ ನೆಗೆಟಿವ್, ಕಾರವಾರದ ಮಳೆಗಾಲ

ಕೋಡಿಬಾಗ್ ಕಪ್ಪುಬಿಳುಪು

ಯಕ್ಷಗಾನ ಕಲಾವಿದರ ಮುಖಗಳ ಸರಣಿ ಮಾಡ್ತಿದ್ದೇನೆ. ವೇಷದಲ್ಲಲ್ಲ, ಬಣ್ಣ ತೆಗೆದ ಮೇಲಿನ ಬರಿ ಮುಖ. ಕಿರೀಟ ಇಲ್ಲದೆಯೂ ಹಣೆ ಕಿರೀಟದಷ್ಟು ಎತ್ತರಕ್ಕೆ ಎಳೆದ ಹಾಗೆ ಕಾಣಬೇಕು, ಆದರೆ ಕಣ್ಣು ಮಾತ್ರ ಚೂಪಾಗಿ ನಿಲ್ಲಬೇಕು. ಕಂಪ್ಯೂಟರಿನಲ್ಲಿ ಐದು ನಿಮಿಷದ ಕೆಲಸ ಅಂತ ದಯವಿಟ್ಟು ಯಾರೂ ಹೇಳಬೇಡಿ, ಗೊತ್ತಿದೆ. ಡಾರ್ಕ್‌ರೂಮಿನಲ್ಲೇ ಆಗಬೇಕು.

ಸಾಮಾನು ಇಷ್ಟು: ಎಚ್‌ಪಿ5 ಫಿಲ್ಮಿನ ನೆಗೆಟಿವ್, ಕಂಡೆನ್ಸರ್ ಎನ್‌ಲಾರ್ಜರ್ (ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ), ಗಾಜಿಲ್ಲದ ಕ್ಯಾರಿಯರ್ (ನೆಗೆಟಿವ್ ಹಿಡಿಯುವ ಚೌಕಟ್ಟು), 50 ಎಂಎಂ ಎಫ್/2.8 ಲೆನ್ಸ್ (ಎಫ್/16ಕ್ಕಿಂತ ಕಿರಿದು ಮಾಡಲಾಗುವುದಿಲ್ಲ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನ ಕಿಂಡಿ ಕಿರಿದು), 8×10 ಮತ್ತು 5×7 ಇಂಚಿನ ಮಲ್ಟಿಗ್ರೇಡ್ (ಬೆಳಕಿನ ಬಣ್ಣದಂತೆ ಕಾಂಟ್ರಾಸ್ಟ್ ಬದಲಾಗುವ) ಆರ್‌ಸಿ (ಪ್ಲಾಸ್ಟಿಕ್ ಲೇಪದ) ಕಾಗದ.

ತೊಂದರೆಗಳು: ಈಸೆಲನ್ನು (ಕಾಗದ ಹಿಡಿದಿಡುವ ಹಲಗೆ) ಸುಮಾರು 30 ಡಿಗ್ರಿ ಓರೆ ಮಾಡಿ ನಡುವೆ ಫೋಕಸ್ ಮಾಡಿದರೆ ಎರಡೂ ತುದಿ ಮಸುಕು, ಹಣೆಯ ಕಡೆ ಬೆಳಕೂ ಸಾಲುವುದಿಲ್ಲ. ಕಾಗದವನ್ನು ದುಂಡಗೆ ಉಬ್ಬಿಸಿ ಇಟ್ಟರೆ ಮೂಗು ದಪ್ಪಗಾಗಬಹುದು ಅಂದುಕೊಂಡರೆ ತದ್ವಿರುದ್ಧ, ಇನ್ನೂ ಸಪೂರ ಕಾಣ್ತದೆ. ಒಂದೇ ಸಮಯ, ಒಂದೇ ಅಪರ್ಚರ್ ಕೊಟ್ಟರೂ ಎರಡು ಪ್ರಿಂಟ್ ಒಂದೇ ಸಮ ಬರುವುದಿಲ್ಲ. ಕೊನೆಗೆ, ನೆಗೆಟಿವನ್ನೇ ಬಿಸಿನೀರಿನಲ್ಲಿ ಕರಗಿಸುವ ವಿಧಾನದ ಬಗ್ಗೆ ಓದಿದೆ. ಅದು ನಮ್ಮ ಕೆಲಸಕ್ಕೆ ಆಗುವಂಥದ್ದೋ?

ಶಿರಸಿ ಸೇಫ್‌ಲೈಟ್

ಮೊದಲು ಒಂದು ವಿಷಯ ತೀರ್ಮಾನ ಮಾಡಿ: ಯಾವ ಗೆರೆ ಅಲುಗಬಾರದು? ನಿಮಗೆ ಅದು ಕಣ್ಣಿನ ಗೆರೆ. ಹಾಗಾದರೆ ಫೋಕಸ್ ಕಾಗದದ ನಡುವೆ ಅಲ್ಲ, ಕಣ್ಣಿನ ಮೇಲೆ. ಅದೂ ಈಸೆಲ್ ಓರೆ ಮಾಡಿದ ಮೇಲೆ. ಒಂದು ತುದಿಗೆ ಪುಸ್ತಕ ಕೊಟ್ಟು ಎತ್ತಿದಾಗ ಇಡೀ ಹಲಗೆಯ ಎತ್ತರ ಬದಲಾಗುತ್ತದೆ, ಮೊದಲು ಮಾಡಿದ ಫೋಕಸ್ ಅಲ್ಲಿಗೆ ಮುಗಿಯಿತು.

ಕೋನಮಾಪಕ ಬೇಡ. ಹಲಗೆಯ ಉದ್ದದ ಅರ್ಧದಷ್ಟು ಎತ್ತಿದರೆ 30 ಡಿಗ್ರಿ, ಮೂರನೇ ಒಂದು ಭಾಗ ಎತ್ತಿದರೆ ಹತ್ತಿರ ಹತ್ತಿರ 20. ಗದ್ದದ ಕಡೆ ಮೇಲಕ್ಕೆ, ಹಣೆಯ ಕಡೆ ಕೆಳಕ್ಕೆ. ಲೆನ್ಸಿನಿಂದ ದೂರ ಹೋದದ್ದು ದೊಡ್ಡದಾಗುತ್ತದೆ. ಕೆಳತುದಿ ಜಾರದಂತೆ ಬೇಸ್‌ಬೋರ್ಡಿಗೆ ಒಂದು ಮರದ ರೀಪು ಸ್ಕ್ರೂ ಮಾಡಿ. ಟೇಪ್ ನಂಬಬೇಡಿ, ಈ ಹವೆಗೆ ಅಂಟು ಬಿಡುತ್ತದೆ.

ಈಗ ಲೆಕ್ಕ. 8×10 ಕಾಗದ 30 ಡಿಗ್ರಿ ಓರೆಯಾಗಿದ್ದರೆ ಗದ್ದದ ತುದಿಯಲ್ಲಿ ಚಿತ್ರ ಕಿರಿದಾಗಿ ಎರಡೂ ಪಕ್ಕ ಬಿಳಿ ಪಟ್ಟಿ ಉಳಿಯುತ್ತದೆ. ಅದನ್ನು ತಪ್ಪಿಸಲು ಎನ್‌ಲಾರ್ಜರಿನ ತಲೆ ಮೇಲೇರಿಸಿ, ನಡುವಿನಲ್ಲಿ ಸುಮಾರು 10 ಪಟ್ಟು ಹಿಗ್ಗುವಂತೆ ಇಡಬೇಕು. 50 ಎಂಎಂ ಲೆನ್ಸಿನಲ್ಲಿ ಹಾಗೆಂದರೆ ಲೆನ್ಸಿನಿಂದ ಕಾಗದದ ನಡುವಿಗೆ 55 ಸೆಂ.ಮೀ. ಆಗ ಗದ್ದದ ತುದಿ ಸುಮಾರು 49, ಹಣೆಯ ತುದಿ ಸುಮಾರು 61 ಸೆಂ.ಮೀ. ದೂರದಲ್ಲಿರುತ್ತದೆ. ಅಗಲದಲ್ಲಿ ಹಣೆಯ ಕಡೆ ಗದ್ದದ ಕಡೆಗಿಂತ 1.3 ಪಟ್ಟು ಹಿಗ್ಗುತ್ತದೆ, ಉದ್ದದಲ್ಲಿ 1.6 ಪಟ್ಟಿನ ಹತ್ತಿರ. ನಿಮಗೆ ಬೇಕಾದ ಕಿರೀಟದ ಎತ್ತರ ಬರುವುದು ಈ ವ್ಯತ್ಯಾಸದಿಂದಲೇ. ಇಷ್ಟು ಹಿಗ್ಗಿಸಿದರೆ ನೆಗೆಟಿವಿನ ಉದ್ದದಲ್ಲಿ ಮೂರನೇ ಎರಡು ಭಾಗವೂ ಕಾಗದಕ್ಕೆ ಬೀಳುವುದಿಲ್ಲ. ಹಾಗಾಗಿ ಚೌಕಟ್ಟು ತುಂಬ ಮುಖ ತುಂಬಿದ ನೆಗೆಟಿವ್ ಒಗ್ಗದು, ತಲೆಯ ಸುತ್ತ ಜಾಗ ಬಿಟ್ಟು ತೆಗೆದದ್ದೇ ಆಗಬೇಕು.

ಎಫ್/16ರಲ್ಲಿ ಈ ಹಿಗ್ಗುವಿಕೆಗೆ ಕಣ್ಣಿಗೆ ಒಪ್ಪುವ ಫೋಕಸಿನ ಆಳ ನಡುವಿನಿಂದ ಮೇಲಕ್ಕೂ ಕೆಳಕ್ಕೂ 3.5 ಸೆಂ.ಮೀ. ಅಷ್ಟೆ. ನಿಮ್ಮ ತುದಿಗಳು 6 ಸೆಂ.ಮೀ. ಆಚೆ ಇವೆ. ಮಸುಕಾಗದೆ ಏನಾಗಬೇಕು? 15 ಡಿಗ್ರಿವರೆಗೆ ಬರೀ ಎಫ್/16 ಸಾಕು. ಅದರಾಚೆ ಹೋಗಬೇಕಾದರೆ ನೆಗೆಟಿವನ್ನೂ ಓರೆ ಮಾಡಬೇಕು. ನೆಗೆಟಿವ್, ಲೆನ್ಸ್, ಕಾಗದ ಈ ಮೂರರ ಸಮತಲಗಳನ್ನು ಚಾಚಿದರೆ ಒಂದೇ ಗೆರೆಯಲ್ಲಿ ಕೂಡಬೇಕು ಅನ್ನುವುದು ಶೈಂಪ್ಲಗ್ ನಿಯಮ. 30 ಡಿಗ್ರಿಗೆ, 10 ಪಟ್ಟು ಹಿಗ್ಗಿಗೆ, ನೆಗೆಟಿವ್ ಓರೆಯಾಗಬೇಕಾದದ್ದು ಮೂರೂಕಾಲು ಡಿಗ್ರಿ ಮಾತ್ರ. 10 ಸೆಂ.ಮೀ. ಉದ್ದದ ಕ್ಯಾರಿಯರಿನ ಒಂದು ತುದಿಗೆ 6 ಮಿ.ಮೀ. ಪ್ಲೈವುಡ್ ತುಂಡು ಕೊಟ್ಟರೆ ಆಯಿತು. ಯಾವ ತುದಿಗೆ ಅನ್ನುವುದರಲ್ಲೇ ಎಲ್ಲರೂ ಎಡವುವುದು: ಈಸೆಲಿನ ಯಾವ ಪಕ್ಕ ಎತ್ತಿದ್ದೀರೋ ಅದರ ಎದುರಿನ ಪಕ್ಕಕ್ಕೆ. ಅದೇ ಪಕ್ಕಕ್ಕೆ ಕೊಟ್ಟರೆ ಮಸುಕು ಇಮ್ಮಡಿಯಾಗುತ್ತದೆ. ಎತ್ತಿದ ಸಂದಿಯಿಂದ ಬೆಳಕು ಸೋರುತ್ತದೆ, ಸುತ್ತ ಕರಿ ಬಟ್ಟೆ ಸುತ್ತಿ. ಲ್ಯಾಂಪ್‌ಹೌಸಿನ ಗಾಳಿಕಿಂಡಿ ಮಾತ್ರ ಮುಚ್ಚಬೇಡಿ.

ಬೆಳಕಿನ ಮಾತು. ಹಣೆಯ ತುದಿ ದೂರವೂ ಹೌದು, ಅಲ್ಲಿ ಬೆಳಕು ಓರೆಯಾಗಿ ಬೀಳುವುದೂ ಹೌದು. ಎರಡೂ ಸೇರಿ ಸುಮಾರು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಕಡಿಮೆ. ಗದ್ದಕ್ಕೆ 40 ಸೆಕೆಂಡ್ ಬೇಕಿದ್ದರೆ ಹಣೆಗೆ 80. ಮೊದಲ 40 ಸೆಕೆಂಡ್ ಎಲ್ಲಕ್ಕೂ ಕೊಟ್ಟು, ಉಳಿದ 40ರಲ್ಲಿ ಕರಿ ರಟ್ಟನ್ನು ಗದ್ದದಿಂದ ಹಣೆಯ ಕಡೆಗೆ ನಿಲ್ಲಿಸದೆ ಸರಿಸುತ್ತ ಹೋಗಿ. ರಟ್ಟು ಕಾಗದದಿಂದ 10 ಸೆಂ.ಮೀ. ಮೇಲಿರಲಿ, ಇಲ್ಲದಿದ್ದರೆ ಅಂಚು ಬೀಳುತ್ತದೆ. ಟೆಸ್ಟ್ ಸ್ಟ್ರಿಪ್ (ಸಮಯ ಪರೀಕ್ಷಿಸುವ ಕಾಗದದ ಪಟ್ಟಿ) ಗದ್ದಕ್ಕೊಂದು, ಹಣೆಗೊಂದು ಬೇರೆ ಬೇರೆ ಮಾಡಿ.

ಇಷ್ಟು ಹೊತ್ತು ದೀಪ ಉರಿದರೆ ಗಾಜಿಲ್ಲದ ಕ್ಯಾರಿಯರಿನಲ್ಲಿ ನೆಗೆಟಿವ್ ಕಾದು ನಡುವೆ ಉಬ್ಬುತ್ತದೆ, ಎಕ್ಸ್‌ಪೋಷರಿನ ಮಧ್ಯದಲ್ಲೇ ಫೋಕಸ್ ಹೋಗುತ್ತದೆ. ಲೆನ್ಸಿನ ಕೆಳಗೆ ಕೆಂಪು ಫಿಲ್ಟರ್ ಅಡ್ಡ ಇಟ್ಟು ಅರ್ಧ ನಿಮಿಷ ದೀಪ ಉರಿಸಿ, ಉಬ್ಬಿದ ಮೇಲೆ ಫೋಕಸ್ ನೋಡಿ, ಆಮೇಲೆ ಫಿಲ್ಟರ್ ಸರಿಸಿ. ಗಾಜಿನ ಕ್ಯಾರಿಯರ್ ಹಾಕಿದರೆ ಉಬ್ಬುವುದಿಲ್ಲ, ಆದರೆ ಆಷಾಢದ ತೇವದಲ್ಲಿ ನ್ಯೂಟನ್ ಉಂಗುರ (ಗಾಜು, ಫಿಲ್ಮು ತಾಗಿದಲ್ಲಿ ಕಾಣುವ ಬಳೆಬಳೆ ಗುರುತು) ಗ್ಯಾರಂಟಿ. ಫಿಲ್ಮಿನ ಹೊಳೆಯುವ ಬೆನ್ನು ತಾಗುವ ಮೇಲಿನ ಗಾಜಾದರೂ ಆಂಟಿ-ನ್ಯೂಟನ್ ಇರಲಿ.

ಕೋಡಿಬಾಗ್ ಕಪ್ಪುಬಿಳುಪು

ಎದುರಿನ ಪಕ್ಕ! ಅಲ್ಲೇ ಕೆಟ್ಟಿದ್ದು. 80 ಎಂಎಂ ಲೆನ್ಸ್ ಒಂದು ಸಿಗ್ತಾ ಇದೆ. ಅದನ್ನು ಹಾಕಿದರೆ ಫೋಕಸಿನ ಆಳ ಹೆಚ್ಚಾಗ್ತದಾ?

ಶಿರಸಿ ಸೇಫ್‌ಲೈಟ್

ಇಲ್ಲ. ಹಿಗ್ಗು ಮತ್ತು ಎಫ್ ನಂಬರ್ ಒಂದೇ ಇದ್ದರೆ ಕಾಗದದ ಕಡೆಯ ಆಳ ಎರಡೂ ಲೆನ್ಸಿಗೆ ಒಂದೇ. ತಲೆ ಮೇಲಕ್ಕೆ ಹೋಗುವುದರಿಂದ ಎರಡು ತುದಿಗಳ ದೂರದ ಅನುಪಾತ ಕಡಿಮೆಯಾಗಿ, ಅದೇ ಕೋನದಲ್ಲಿ ಎಳೆತ ಕಡಿಮೆ ಕಾಣುತ್ತದೆ. ಮುಖ ಎಳೆಯುವ ಕೆಲಸಕ್ಕೆ ಗಿಡ್ಡ ಲೆನ್ಸೇ ಒಳ್ಳೆಯದು. ದುಡ್ಡು ಕಾಗದಕ್ಕೆ ಇಡಿ.

ಕುಮಟಾ ಗ್ರೇನ್

ಉಬ್ಬಿದ ಕಾಗದದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡ್ತೇನೆ.

ಉಬ್ಬಿನ ನೆತ್ತಿ ಲೆನ್ಸಿಗೆ ಹತ್ತಿರ, ಹಾಗಾಗಿ ಅಲ್ಲಿ ಚಿತ್ರ ಚಿಕ್ಕದು. ಇಳಿಜಾರಿನಲ್ಲಿ ಬಿದ್ದ ಚಿತ್ರ ಕಾಗದ ಚಪ್ಪಟೆ ಮಾಡಿದಾಗ ಅಗಲವಾಗುತ್ತದೆ. ಮೂಗನ್ನು ನೆತ್ತಿಯ ಮೇಲಿಟ್ಟರೆ ಕೆನ್ನೆ, ಕಿವಿ ಹರಡುತ್ತವೆ, ಅವುಗಳ ನಡುವೆ ಮೂಗು ಸಪೂರ ಕಾಣುತ್ತದೆ. ನಿಮಗಾದದ್ದು ಅದೇ. ಹಾಗಾದರೆ ಕಾಗದವನ್ನು ಒಳಗೆ ಬಾಗಿಸಿ ದೋಣಿಯ ಹಾಗೆ ಇಟ್ಟರೆ ಮೂಗು ಉಬ್ಬುತ್ತದೆ ಅಂತ ಹೊರಡಬೇಡಿ. ಅಲ್ಲಿ ಅಂಚು ಲೆನ್ಸಿಗೆ ಹತ್ತಿರವಾಗಿ ಕುಗ್ಗುತ್ತದೆ, ಇಳಿಜಾರಿನಿಂದ ಹಿಗ್ಗುತ್ತದೆ, ಒಂದಕ್ಕೊಂದು ಹೊಡೆದುಕೊಂಡು ವಿಕಾರ ಕಂಡೂ ಕಾಣದಷ್ಟೇ ಉಳಿಯುತ್ತದೆ.

ಉಬ್ಬಿಗೆ ತೋಟಕ್ಕೆ ನೀರು ಬಿಡುವ 160 ಎಂಎಂ ಪಿವಿಸಿ ಪೈಪಿನ ತುಂಡು ಬೇಕು. ಉದ್ದಕ್ಕೆ ಎರಡು ಹೋಳು ಮಾಡಿ, ಕವುಚಿ ಹಾಕಿ. ಹೊರಮೈಗೆ ಹೊಳಪಿಲ್ಲದ ಕರಿ ಬಣ್ಣ ಬಳಿಯಿರಿ. ಕಾಗದ ದಾಟಿ ಹೋದ ಬೆಳಕು ಬೂದು ಪೈಪಿನಿಂದ ವಾಪಸು ಬಂದರೆ ಬಿಳಿ ಜಾಗ ಮಾಸುತ್ತದೆ. ಇದರ ಸುತ್ತಳತೆಯ ಕಾಲು ಭಾಗ ಹೆಚ್ಚುಕಡಿಮೆ 126 ಮಿ.ಮೀ., ಅಂದರೆ 5×7 ಕಾಗದದ 5 ಇಂಚಿನ ಬದಿ ಸರಿಯಾಗಿ ನೆತ್ತಿಯಿಂದ ಎರಡೂ ಕಡೆ 45 ಡಿಗ್ರಿವರೆಗೆ ಕೂರುತ್ತದೆ. ಲೆನ್ಸಿನಿಂದ ನೆತ್ತಿಗೆ 30 ಸೆಂ.ಮೀ. ಇಟ್ಟರೆ ಅಂಚು ನೆತ್ತಿಗಿಂತ 24 ಮಿ.ಮೀ. ಕೆಳಗಿರುತ್ತದೆ. ಫೋಕಸನ್ನು ನೆತ್ತಿಗಿಂತ 12 ಮಿ.ಮೀ. ಕೆಳಗೆ ಮಾಡಿ, ಎಫ್/16 ಸಾಕು. ಅಂಚಿನಲ್ಲಿ ಚಿತ್ರ ಹತ್ತಿರ ಹತ್ತಿರ ಎರಡು ಪಟ್ಟು ಅಗಲವಾಗುತ್ತದೆ, ಬೆಳಕು ಒಂದು ಸ್ಟಾಪಿಗಿಂತ ತುಸು ಹೆಚ್ಚೇ ಕಡಿಮೆ. ಇನ್ನೂ ಕೆಳಗಿನವರೆಗೆ ಕಾಗದ ಸುತ್ತುವ ಆಸೆ ಬೇಡ. 60 ಡಿಗ್ರಿ ದಾಟಿದರೆ ಬೆಳಕು ಕಾಗದದ ಮೇಲೆ ಸವರಿಕೊಂಡು ಹೋಗುತ್ತದೆ, ಎಷ್ಟು ಬರ್ನ್ ಮಾಡಿದರೂ (ಆ ಜಾಗಕ್ಕೆ ಮಾತ್ರ ಹೆಚ್ಚು ಬೆಳಕು ಕೊಟ್ಟರೂ) ಅಲ್ಲಿ ಬರೀ ಬೂದಿ ಬಣ್ಣ.

ನಿಮ್ಮ ಹಣೆಯ ಕೆಲಸಕ್ಕೆ ಪೈಪನ್ನು ಮುಖಕ್ಕೆ ಅಡ್ಡ ಮಲಗಿಸಿ, ನೆತ್ತಿಯ ಮೇಲೆ ಕಣ್ಣಿನ ಗೆರೆ. ಹಣೆ, ಗದ್ದ ಎರಡೂ ಉದ್ದವಾಗುತ್ತವೆ, ಕಣ್ಣು ಇದ್ದ ಹಾಗೆ. ಗದ್ದ ಬೆಳೆಯುವುದು ಬೇಡವಾದರೆ ಆ ಅರ್ಧ ಕಾಗದವನ್ನು ಪೈಪಿನ ಮೇಲೆ ಬಾಗಿಸದೆ, ನೆತ್ತಿಯ ಮಟ್ಟಕ್ಕೆ ಇಟ್ಟ ಹಲಗೆಯ ಮೇಲೆ ಚಪ್ಪಟೆ ಬಿಡಿ. ನನ್ನ ಮಟ್ಟಿಗೆ ಬರೀ ಈಸೆಲ್ ಓರೆ ಮಾಡುವುದಕ್ಕಿಂತ ಇದೇ ಚಂದ. ಓರೆಯಲ್ಲಿ ಇಡೀ ಮುಖ ಬಾಗಿಲ ಸಂದಿಯಿಂದ ಕಂಡ ಹಾಗಿರುತ್ತದೆ, ಇದರಲ್ಲಿ ಕಣ್ಣಿನವರೆಗೆ ಮನುಷ್ಯ, ಮೇಲೆ ಬೇರೇನೋ.

ಮೂಗು ಉಬ್ಬಲೇಬೇಕೆಂದರೆ ಕನ್ನಡಕದ ಅಂಗಡಿಯಲ್ಲಿ ಹಳೆಯ ಮೈನಸ್ ಪವರಿನ ಗಾಜು ಕೇಳಿ. ಭೂತಗನ್ನಡಿ ಅಲ್ಲ, ಅದು ಬೆಳಕನ್ನು ಒಟ್ಟುಗೂಡಿಸಿ ಮೂಗನ್ನು ಇನ್ನೂ ಚಿಕ್ಕದು ಮಾಡುತ್ತದೆ. ಮೈನಸ್ 5ರ ಗಾಜು ಕಾಗದದಿಂದ 4 ಸೆಂ.ಮೀ. ಮೇಲಿದ್ದರೆ ಸುಮಾರು 20 ಶೇಕಡಾ, 8 ಸೆಂ.ಮೀ. ಮೇಲಿದ್ದರೆ ಸುಮಾರು 40 ಶೇಕಡಾ ಹಿಗ್ಗು. ಹಿಗ್ಗಿದಷ್ಟೂ ಬೆಳಕು ತೆಳುವಾಗುತ್ತದೆ: ಮೊದಲನೆಯದಕ್ಕೆ ಅರ್ಧ ಸ್ಟಾಪ್, ಎರಡನೆಯದಕ್ಕೆ ಒಂದು ಸ್ಟಾಪ್ ಬರ್ನ್ ಮಾಡಬೇಕು. ಗಾಜಿನ ಅಂಚಿನಲ್ಲಿ ಒಳಗಿನ ಚಿತ್ರ ಹೊರಗಿನದರ ಮೇಲೆ ಹತ್ತಿ ಕಪ್ಪು ಉಂಗುರ ಬೀಳುತ್ತದೆ. ಅದನ್ನು ಬೇಕೆಂದೇ ಉಳಿಸಿಕೊಳ್ಳುವವರೂ ಇದ್ದಾರೆ. ಬೇಡವಾದರೆ ಉಂಗುರ ನೆರಳಿನ ಕಪ್ಪು ಭಾಗಕ್ಕೆ ಬೀಳುವಂತೆ ಗಾಜು ಸರಿಸಿ.

ಬಚ್ಚಲಮನೆಯ ಕಿಟಕಿಗೆ ಹಾಕುವ ಉಬ್ಬುತಗ್ಗಿನ ಗಾಜಿಗೂ ಎತ್ತರದ ನಿಯಮ ಇದೇ. ಕಾಗದಕ್ಕೆ ಅಂಟಿಸಿಟ್ಟರೆ ಏನೂ ಆಗುವುದಿಲ್ಲ, ಎತ್ತಿದಷ್ಟೂ ಮುಖ ಚೂರಾಗುತ್ತದೆ. 2 ಸೆಂ.ಮೀ.ಯಿಂದ ಶುರು ಮಾಡಿ.

ಅಂಕೋಲಾ ಡೆವಲಪರ್

ಎರಡು ಪ್ರಿಂಟ್ ಒಂದೇ ಸಮ ಬರದಿರುವುದು ಮಳೆಗಾಲದಲ್ಲಿ ಕರಾವಳಿಯವರಿಗೆಲ್ಲ ಇದ್ದದ್ದೇ. ಮೊದಲ ಅನುಮಾನ ವೋಲ್ಟೇಜಿನ ಮೇಲೆ. ತಂತಿ ಬಲ್ಬಿನಲ್ಲಿ ವೋಲ್ಟೇಜ್ 10 ಶೇಕಡಾ ಇಳಿದರೆ ಬೆಳಕು ಸುಮಾರು 30 ಶೇಕಡಾ ಇಳಿಯುತ್ತದೆ, ಅಂದರೆ ಅರ್ಧ ಸ್ಟಾಪ್. ಜತೆಗೆ ಬೆಳಕು ಹಳದಿಗೆ ತಿರುಗುವುದರಿಂದ ಮಲ್ಟಿಗ್ರೇಡ್ ಕಾಗದದಲ್ಲಿ ಕಾಂಟ್ರಾಸ್ಟೂ ಮೆದುವಾಗುತ್ತದೆ. 10 ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ ತಪ್ಪಿಸಿಕೊಳ್ಳಬಹುದು, ಮೇಲೆ ಹೇಳಿದ 80 ಸೆಕೆಂಡಿನಲ್ಲಿ ಪಕ್ಕದ ಮನೆಯ ಪಂಪು ಒಮ್ಮೆ ಶುರುವಾದರೂ ಸಾಕು. ಎನ್‌ಲಾರ್ಜರಿಗೇ ಒಂದು ಸ್ಟೆಬಿಲೈಜರ್ ಇಡಿ. ಆದರೆ ಅಗ್ಗದ ರಿಲೇ ಸ್ಟೆಬಿಲೈಜರ್ ಟಕ್ ಎಂದು ಹಂತ ಬದಲಿಸಿದಾಗ ಬೆಳಕೂ ಜಿಗಿಯುತ್ತದೆ. ಸರ್ವೋ ಇದ್ದರೆ ಮೇಲು. ಎಲ್‌ಇಡಿ ಬಲ್ಬ್ ಹಾಕುವವರು ಗಮನಿಸಿ: ಸ್ವಿಚ್‌ಬೋರ್ಡಿನಲ್ಲಿ ಇಂಡಿಕೇಟರ್ ದೀಪ ಇರುವ ಸ್ವಿಚ್ ಇದ್ದರೆ ಆಫ್ ಮಾಡಿದ ಮೇಲೂ ಕೆಲವು ಎಲ್‌ಇಡಿ ಮಿಣುಕುತ್ತಿರುತ್ತವೆ. ಕಾಗದ ಅಷ್ಟಕ್ಕೇ ಮಬ್ಬಾಗುತ್ತದೆ.

ಎರಡನೆಯದು ಡೆವಲಪರ್. ನಿಮ್ಮಲ್ಲಿ ಟ್ರೇ ನೀರು 29-30 ಡಿಗ್ರಿ ಇರುತ್ತದೆ. ಡೆಕ್ಟಾಲ್ ಡೆವಲಪರ್ 1+2 (ಒಂದು ಪಾಲಿಗೆ ಎರಡು ಪಾಲು ನೀರು) ಹಾಕಿದರೆ ಆ ಶಾಖಕ್ಕೆ ಚಿತ್ರ ದಡಬಡ ಮೇಲೆ ಬರುತ್ತದೆ. ಕಪ್ಪಾಗುತ್ತಿದೆ ಅಂತ ಹೆದರಿ ಬೇಗ ಎಳೆದರೆ ಕಲೆಕಲೆ. ಬರ್ನ್ ಮಾಡಿದ ಇಳಿಜಾರು ಹಣೆಯಲ್ಲಿ ಆ ಕಲೆ ಎದ್ದು ಕಾಣುತ್ತದೆ. 1+4 ತೆಳು ಮಾಡಿ, ಪ್ರತಿ ಸಲ ಪೂರ್ತಿ ಒಂದು ನಿಮಿಷ ಬಿಡಿ, ಎಕ್ಸ್‌ಪೋಷರನ್ನು ಅದಕ್ಕೆ ಹೊಂದಿಸಿ. ಮಂಜುಗಡ್ಡೆಯನ್ನು ಟ್ರೇ ಒಳಗೆ ಹಾಕಬೇಡಿ, ದೊಡ್ಡ ಟ್ರೇಯಲ್ಲಿ ತಣ್ಣೀರು ಇಟ್ಟು ಅದರೊಳಗೆ ಚಿಕ್ಕದನ್ನು ಕೂರಿಸಿ. ಫೈಬರ್ ಕಾಗದ (ಪ್ಲಾಸ್ಟಿಕ್ ಲೇಪ ಇಲ್ಲದ್ದು) ಬಳಸುವುದಾದರೆ ಸ್ಟಾಪ್ ಬಾತ್ (ಡೆವಲಪರಿನ ಕೆಲಸ ನಿಲ್ಲಿಸುವ ಆಮ್ಲದ ನೀರು) ತೆಳುವಿರಲಿ. ಅಡುಗೆಮನೆಯ ವಿನೆಗರ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಸಾಕು. ಡೆವಲಪರಿನ ಕಾರ್ಬೊನೇಟ್ ಮೇಲೆ ಗಡುಸು ಆಮ್ಲ ಬಿದ್ದರೆ ಗಾಳಿಗುಳ್ಳೆ ಎದ್ದು, ಬಿಸಿಗೆ ಮೆತ್ತಗಾದ ಜೆಲಟಿನ್ ಬೊಕ್ಕೆಯಾಗುತ್ತದೆ.

ಅಂದಹಾಗೆ, ಕುಮಟಾದವರ ಪೈಪಿಗೆ ಫೈಬರ್ ಕಾಗದ ಜುಲೈನಲ್ಲಿ ತಾನಾಗಿಯೇ ಬಾಗುತ್ತದೆ. ಬೇಸಿಗೆಯಲ್ಲಿ ಅದೇ ಕಾಗದವನ್ನು ಬಲವಂತವಾಗಿ ಬಾಗಿಸಿದರೆ ಎಮಲ್ಷನ್ (ಚಿತ್ರ ಮೂಡುವ ಜೆಲಟಿನ್ ಪದರ) ಬಿರುಕು ಬಿಡುತ್ತದೆ.

ದಾಂಡೇಲಿ ಸಂದಿ

ಓರೆಯೂ ಬೇಡ, ಪೈಪೂ ಬೇಡ, ಸಂದಿಯಿಂದ ಎಳೆಯಿರಿ. ಕಾಗದ ಚಪ್ಪಟೆಯೇ ಇರುವುದರಿಂದ ಅಪರ್ಚರ್ ತೆರೆದಿಡಬಹುದು, ಅದೇ ಇದರ ಲಾಭ.

ಕರಿ ರಟ್ಟಿನಲ್ಲಿ 3 ಮಿ.ಮೀ. ಸಂದಿ ಕೊರೆದು ಕಾಗದದ ಮೇಲೆ, ತಾಗಿಯೂ ತಾಗದಂತೆ ಇಡಿ. ಸಂದಿ ಚಿತ್ರದ ಮೇಲೆ ಒಂದು ದಿಕ್ಕಿಗೆ ಹೋಗಲಿ, ಕಾಗದ ಅದರ ಎದುರು ದಿಕ್ಕಿಗೆ. ಕಾಗದದ ವೇಗ ಸಂದಿಯ ವೇಗದ ಅರ್ಧ ಇದ್ದರೆ ಮುಖ ಒಂದೂವರೆ ಪಟ್ಟು ಉದ್ದ. ಕಾಗದವೂ ಸಂದಿಯ ದಿಕ್ಕಿಗೇ ಹೋದರೆ ಮುಖ ಕುಗ್ಗುತ್ತದೆ. ಕಣ್ಣಿನ ಗೆರೆ ದಾಟುವಾಗ ಕಾಗದ ನಿಲ್ಲಿಸಿ ಸಂದಿಯನ್ನು ಮಾತ್ರ ಓಡಿಸಿದರೆ ಕಣ್ಣು ಇದ್ದ ಹಾಗೆ ಉಳಿಯುತ್ತದೆ, ಹಣೆ ಬಂದಾಗ ಮತ್ತೆ ಕಾಗದ ಎಳೆಯಿರಿ. ಹಾಗೆ ನಿಲ್ಲಿಸಿದಾಗ ಸಂದಿಯ ವೇಗ ಹೆಚ್ಚಿಸಬೇಕು, ಇಲ್ಲದಿದ್ದರೆ ಆ ಪಟ್ಟಿ ಕಪ್ಪಾಗುತ್ತದೆ. ಪ್ರತಿ ಬಿಂದುವಿಗೆ ಸಿಗುವ ಸಮಯ ಸಂದಿಯ ಅಗಲವನ್ನು ಎರಡೂ ವೇಗಗಳ ಮೊತ್ತದಿಂದ ಭಾಗಿಸಿದಷ್ಟು.

ಉದಾಹರಣೆಗೆ ಎಫ್/8ರಲ್ಲಿ 10 ಸೆಕೆಂಡ್ ಬೇಕಾದ ನೆಗೆಟಿವ್‌ಗೆ ಎಫ್/4ರಲ್ಲಿ ಎರಡೂವರೆ ಸೆಕೆಂಡ್. ಸಂದಿ ಸೆಕೆಂಡಿಗೆ 0.8, ಕಾಗದ 0.4 ಮಿ.ಮೀ. ಹೋಗಬೇಕು. 20 ಸೆಂ.ಮೀ. ಚಿತ್ರ ಮುಗಿಯಲು ನಾಲ್ಕು ನಿಮಿಷ ದಾಟುತ್ತದೆ. ಕೈಯಿಂದ ಎಳೆದರೆ ಪಟ್ಟೆಪಟ್ಟೆ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯ ಎಂ6 ಥ್ರೆಡ್ ರಾಡ್ ಒಂದು ಸುತ್ತಿಗೆ ಸರಿಯಾಗಿ 1 ಮಿ.ಮೀ. ಮುಂದೆ ಹೋಗುತ್ತದೆ. ಸಂದಿಗೊಂದು, ಕಾಗದಕ್ಕೊಂದು ರಾಡ್ ಹಾಕಿ, ನಿಮಿಷಕ್ಕೆ 48 ಮತ್ತು 24 ಸುತ್ತು. ತಾಳಕ್ಕೆ ಮೊಬೈಲ್ ಮೆಟ್ರೊನೋಮ್ ಇಟ್ಟರೆ ಪರದೆ ಕೆಳಮುಖ ಮಾಡಿ ಡಬ್ಬಿಯೊಳಗಿರಲಿ, ಸದ್ದು ಮಾತ್ರ ಬರಲಿ. ಈ ಲೆಕ್ಕದಲ್ಲಿ ಎಳೆತದ ದಿಕ್ಕಿಗೆ 1 ಮಿ.ಮೀ. ಮಸುಕು ಇದ್ದೇ ಇರುತ್ತದೆ. 2 ಮಿ.ಮೀ. ಸಂದಿ ಮಾಡಿದರೆ ಅದು ಕಡಿಮೆಯಾಗುತ್ತದೆ, ಸಮಯ ಒಂದೂವರೆ ಪಟ್ಟಾಗುತ್ತದೆ.

ಹೊನ್ನಾವರ ಜೆಲಟಿನ್

ಬಿಸಿನೀರಿನ ಪ್ರಶ್ನೆ ಉಳಿದಿದೆ. ನೆಗೆಟಿವ್ ಕಾಯಿಸಿ ಎಮಲ್ಷನ್ ಹರಿಸುವುದನ್ನು ಕಲಾವಿದ ರಾವುಲ್ ಉಬಾಕ್ 1930ರ ದಶಕದ ಕೊನೆಯಲ್ಲೇ ಮಾಡಿದ್ದ, ಬ್ರೂಲಾಜ್ ಅಂತ ಅದರ ಹೆಸರು. ಚಿತ್ರ ಏನೋ ಅದ್ಭುತ, ಆದರೆ ಯಾವ ಗೆರೆ ಉಳಿಯುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಕಣ್ಣು ಉಳಿಯಲೇಬೇಕು ಅನ್ನುವವರಿಗೆ ಇದು ಹೇಳಿಸಿದ್ದಲ್ಲ. ಇಂಥ ಚರ್ಚೆಗಳಲ್ಲಿ ಫೋಟೊಗ್ರಾಫರ್ ಕೆರ್ಟೆಸ್ 1933ರಲ್ಲಿ ತೆಗೆದ ವಿಕಾರ ದೇಹಗಳನ್ನೂ ಡಾರ್ಕ್‌ರೂಮ್ ಕೆಲಸ ಅಂತ ಎಳೆದು ತರುತ್ತಾರೆ. ಅದು ಬಾಗಿದ ಕನ್ನಡಿಯನ್ನು ಕ್ಯಾಮೆರಾದ ಮುಂದೆ ಇಟ್ಟು ತೆಗೆದದ್ದು, ಎನ್‌ಲಾರ್ಜರಿನಲ್ಲಿ ಹುಡುಕಿದರೆ ಸಿಗದು.

ಆದರೂ ಮಾಡುವುದಾದರೆ ಮೂಲ ನೆಗೆಟಿವ್ ಮುಟ್ಟಬೇಡಿ, ಕಾಂಟ್ಯಾಕ್ಟ್ ಮಾಡಿ ನಕಲು ನೆಗೆಟಿವ್ ತೆಗೆಯಿರಿ. ನಕಲಿಗೆ ಗಟ್ಟಿಕಾರಕ ಇಲ್ಲದ ಫಿಕ್ಸರ್ ಬಳಸಿ, ಪಟಿಕ ಸೇರಿದ ಫಿಕ್ಸರಿನಲ್ಲಿ ಅದ್ದಿದ ಜೆಲಟಿನ್ ಬಿಸಿಗೆ ಬಗ್ಗುವುದಿಲ್ಲ. ಟಿ-ಮ್ಯಾಕ್ಸ್, ಡೆಲ್ಟಾ ತರಹದ ಫಿಲ್ಮುಗಳನ್ನು ಕಾರ್ಖಾನೆಯಲ್ಲೇ ಗಟ್ಟಿ ಮಾಡಿರುತ್ತಾರೆ, ಹಠ ಹಿಡಿಯುತ್ತವೆ. ಫೋಮಾಪ್ಯಾನ್ ಮೆತ್ತಗೆ. 60 ಡಿಗ್ರಿ ನೀರಿಗೆ ಲೀಟರಿಗೆ 100 ಗ್ರಾಂ ವಾಷಿಂಗ್ ಸೋಡಾ ಹಾಕಿ ನೆಗೆಟಿವ್ ಅದ್ದಿ, ಮೇಲ್ಮೈ ಜಾರುವಂತಾದ ಕೂಡಲೇ ಐಸ್ ನೀರಿಗೆ ಇಳಿಸಿದರೆ ಜೆಲಟಿನ್ ಸುಕ್ಕುಗಟ್ಟಿ ಬಲೆಯಂಥ ಬಿರುಕು ಬರುತ್ತದೆ. ಕೈಗವಸು ಹಾಕಿ. ಹರಿಯಬೇಕು ಅಂದರೆ ಐಸ್ ಬೇಡ, ಬಿಸಿಯಲ್ಲೇ ಒಂದು ತುದಿ ಹಿಡಿದು ನೇತುಹಾಕಿ. ಹಣೆ ಕೆಳಮುಖವಾಗಿದ್ದರೆ ಆ ಕಡೆಗೇ ಇಳಿಯುತ್ತದೆ. ಕಣ್ಣಿನ ಮೇಲೆ ಮೊದಲೇ ಸಣ್ಣ ಕುಂಚದಿಂದ ಪಟಿಕದ ನೀರು ಎರಡು ಮೂರು ಸಲ ಹಚ್ಚಿ ಒಣಗಿಸಿದರೆ ಅಷ್ಟು ಜಾಗ ಸ್ವಲ್ಪ ಹೊತ್ತು ತಡೆಯುತ್ತದೆ, ಪೂರ್ತಿ ಅಲ್ಲ.

ಒಣಗಿಸುವುದೇ ನಮ್ಮಲ್ಲಿ ಕಷ್ಟ. ಕರಗಿದ ಜೆಲಟಿನ್ ಮಳೆಗಾಲದಲ್ಲಿ ಎರಡು ದಿನ ಅಂಟಂಟಾಗೇ ಇರುತ್ತದೆ, ಅಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ನೆಗೆಟಿವ್ ಯಾವುದಕ್ಕೂ ತಾಗದಂತೆ ಕ್ಲಿಪ್ಪಿನಲ್ಲಿ ನೇತುಹಾಕಿ. ಪೂರ್ತಿ ಒಣಗುವ ಮೊದಲು ಗಾಜಿನ ಕ್ಯಾರಿಯರಿಗೆ ಹಾಕಿದರೆ ಗಾಜಿಗೇ ಅಂಟಿ ಬರುತ್ತದೆ.

ಕೋಡಿಬಾಗ್ ಕಪ್ಪುಬಿಳುಪು

ಎಲ್ಲರಿಗೂ ಥ್ಯಾಂಕ್ಸ್. ಪೈಪ್ ಅಡ್ಡ ಇಟ್ಟು, ಗದ್ದದ ಅರ್ಧ ಹಲಗೆಯ ಮೇಲೆ ಚಪ್ಪಟೆ ಬಿಡುವ ದಾರಿ ಹಿಡಿಯುತ್ತೇನೆ. ಒಂದು ಅನುಮಾನ: ಆರ್‌ಸಿ ಕಾಗದ ಪೈಪಿನ ಮೇಲೆ ನಿಲ್ಲದೆ ಚಿಮ್ಮುತ್ತದಲ್ಲ?

ಕುಮಟಾ ಗ್ರೇನ್

ಪೈಪಿನ ಒಳಮೈಯಲ್ಲಿ ಎರಡು ಮ್ಯಾಗ್ನೆಟ್, ಹೊರಗೆ ಕಾಗದದ ಬಿಳಿ ಅಂಚಿನ ಮೇಲೆ ಕರಿ ಬಣ್ಣ ಬಳಿದ ತೆಳು ತಗಡಿನ ಪಟ್ಟಿ. ಪಟ್ಟಿ 5 ಮಿ.ಮೀ.ಗಿಂತ ಅಗಲ ಬೇಡ, ಇಳಿಜಾರಿನಲ್ಲಿ ಅದರ ನೆರಳು ಚಿತ್ರದೊಳಗೆ ಬರುತ್ತದೆ. ಹಲಗೆ ಮತ್ತು ಪೈಪ್ ಕೂಡುವ ಜಾಗದಲ್ಲಿ ಮೆಟ್ಟಿಲು ಉಳಿಯದಂತೆ ಮೊದಲು ಬೆರಳಾಡಿಸಿ ನೋಡಿ. ಒಂದು ಮಿ.ಮೀ. ಏರುಪೇರಿದ್ದರೂ ರೆಪ್ಪೆಯ ಕೆಳಗೆ ಕಪ್ಪು ಗೆರೆಯಾಗಿ ಪ್ರಿಂಟಿನಲ್ಲಿ ಕೂರುತ್ತದೆ.